ಮಾತ್ರೆ ನುಂಗು, ಕಾರಣವನ್ನೂ ಕೇಳು, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ನಿನ್ನ ಮೆಸೇಜು ಓದಿದೆ. 27ನೇ ವಯಸ್ಸಿಗೆ ಬಿಪಿ 160/104 ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ. ಟೆನ್ಷನ್ ಇರಬೇಕು ಅಂತ ಒಬ್ಬರು, ದೊಡ್ಡಮ್ಮನಿಗೂ ಇತ್ತಲ್ಲ, ವಂಶದ್ದೇ ಅಂತ ಇನ್ನೊಬ್ಬರು ಹೇಳಿದರು ಎಂದು ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡ. ಕಾರಣ ಹುಡುಕುವಷ್ಟು ದಿನವೂ ಬಿಪಿ ಇಳಿದೇ ಇರಬೇಕು. ಮಾತ್ರೆಯ ಹೆಸರು 'ಪ್ರಿಲ್' ಅಥವಾ 'ಸಾರ್ಟನ್' ಅಂತ ಮುಗಿಯುತ್ತದಾ ನೋಡು. ಹಾಗಿದ್ದು, ಮಗುವಿನ ಯೋಚನೆಯೂ ಇದ್ದರೆ ಈಗಲೇ ಡಾಕ್ಟರಿಗೆ ಹೇಳು. ಬಸುರಿಯರಿಗೆ ಆ ಮಾತ್ರೆ ಆಗದು, ಬೇರೆ ಕೊಡುತ್ತಾರೆ.

ಈಗ ನನ್ನ ಕಥೆ. 38ಕ್ಕೆ ನನಗೆ ಬಿಪಿ ಅಂದರು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಬಿಪಿ ಮಾತ್ರ ಇಳಿಯಲಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರ ಆಗುತ್ತಿತ್ತು, ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ವಯಸ್ಸಾಯಿತು ಅಂತ ಸುಮ್ಮನಿದ್ದೆ. ಎಂಟು ವರ್ಷದ ಮೇಲೆ ಹೊಸ ಡಾಕ್ಟರೊಬ್ಬರು ನನ್ನ ಹಳೇ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಪೆನ್ನಿನಿಂದ ಒಂದೊಂದೇ ಸಾಲಿಗೆ ಗೆರೆ ಎಳೆದರು. ಪೊಟ್ಯಾಷಿಯಂ 3.1. ಇನ್ನೊಂದರಲ್ಲಿ 3.0. ಮತ್ತೊಂದರಲ್ಲಿ 2.9. ಕನಿಷ್ಠ 3.5 ಇರಬೇಕಿತ್ತು. ಅಷ್ಟು ವರ್ಷ ಅದು ಕಣ್ಣೆದುರಿಗೇ ಇತ್ತು ಪುಟ್ಟಿ, ಯಾರೂ ನೋಡಿರಲಿಲ್ಲ.

ಕಿಡ್ನಿಯ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಪುಟ್ಟ ಗ್ರಂಥಿ ಅಡ್ರಿನಲ್. ಅದರಲ್ಲಿ ಆಲ್ಡೋಸ್ಟೆರಾನ್ ಅನ್ನುವ ಹಾರ್ಮೋನು ತಯಾರಾಗುತ್ತದೆ. ಅದು ಉಪ್ಪನ್ನು ಮೈಯಲ್ಲಿ ಹಿಡಿದಿಟ್ಟು, ಪೊಟ್ಯಾಷಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಅದು ಅತಿಯಾದರೆ ಬಿಪಿ ಏರುತ್ತದೆ. ನನ್ನ ಎಡಗಡೆ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಕೂತು, ಹೇಳೋರಿಲ್ಲ ಕೇಳೋರಿಲ್ಲ ಅನ್ನುವ ಹಾಗೆ ಅದನ್ನು ಸುರಿಸುತ್ತಿತ್ತು. ಆಲ್ಡೋಸ್ಟೆರಾನ್ ಮತ್ತು ಕಿಡ್ನಿ ಬಿಡುವ ರೆನಿನ್ ಅನ್ನುವ ವಸ್ತು, ಎರಡನ್ನೂ ಒಟ್ಟಿಗೆ ರಕ್ತದಲ್ಲಿ ಅಳೆದಾಗ ಗುಟ್ಟು ಹೊರಬಿತ್ತು. ಸ್ಕ್ಯಾನ್ ಆಯಿತು, ಎರಡೂ ಕಡೆಯ ಗ್ರಂಥಿಗಳ ರಕ್ತನಾಳದಿಂದ ರಕ್ತ ತೆಗೆದು ಹೋಲಿಸಿದರು, ಆಮೇಲೆ ಸಣ್ಣ ರಂಧ್ರಗಳ ಆಪರೇಷನ್ ಮಾಡಿ ಆ ಗ್ರಂಥಿ ತೆಗೆದರು. ಎರಡೂ ಕಡೆ ತೊಂದರೆ ಇದ್ದಿದ್ದರೆ ಆಪರೇಷನ್ ಮಾಡುತ್ತಿರಲಿಲ್ಲ, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆಯಲ್ಲೇ ಹಿಡಿತಕ್ಕೆ ತರುತ್ತಿದ್ದರು. ಈಗ ನನಗೆ ಮೂರರ ಬದಲು ಒಂದೇ ಮಾತ್ರೆ. ಪೂರ್ತಿ ಬಿಡಲು ಆಗಲಿಲ್ಲ. ಅಷ್ಟು ವರ್ಷದ ಒತ್ತಡಕ್ಕೆ ರಕ್ತನಾಳಗಳು ಗಡುಸಾಗಿಬಿಟ್ಟಿದ್ದವು. ನಿನಗೆ ಹೀಗಾಗಬಾರದು ಅನ್ನುವುದೇ ನನ್ನ ಚಿಂತೆ.

ಹಾಗಾಗಿ ನನ್ನ ಬಿಪಿ ನೋಡಿ ನಿನ್ನದೂ ವಂಶದ್ದೇ ಅಂತ ತೀರ್ಮಾನ ಮಾಡಬೇಡ. ಆದರೆ ನನ್ನ ಈ ಕಾಯಿಲೆಯ ವಿಷಯ ಡಾಕ್ಟರಿಗೆ ಹೇಳು, ಅಪರೂಪಕ್ಕೆ ಅದು ಮನೆತನದಲ್ಲೂ ಬರುತ್ತದೆ.

ಬಿಪಿ ಇರುವ ನೂರು ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಬೇರೊಂದು ಕಾರಣ ಇರುತ್ತದೆ. ಇದಕ್ಕೆ ಸೆಕೆಂಡರಿ ಬಿಪಿ ಅನ್ನುತ್ತಾರೆ. 30ರೊಳಗೆ ಬಂದರೆ, ಇದ್ದಕ್ಕಿದ್ದಂತೆ ಏರಿದರೆ, ಮೂರು ಮಾತ್ರೆಗೂ ಬಗ್ಗದಿದ್ದರೆ ಹುಡುಕಲೇಬೇಕು. ನಿನ್ನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಿಡ್ನಿಗೆ ಹೋಗುವ ರಕ್ತನಾಳ ಕೆಲವೊಮ್ಮೆ ಅಲ್ಲಲ್ಲಿ ಕಿರಿದಾಗಿ, ಸ್ಕ್ಯಾನಿನಲ್ಲಿ ಮಣಿಸರದ ಹಾಗೆ ಕಾಣುತ್ತದೆ. ಕಿಡ್ನಿಗೆ ರಕ್ತ ಕಮ್ಮಿ ಬರುತ್ತದೆ. ಇಡೀ ಮೈಯಲ್ಲೇ ರಕ್ತ ಕಮ್ಮಿಯಾಗಿದೆ ಅಂದುಕೊಂಡು ಅದು ರೆನಿನ್ ಬಿಡುತ್ತದೆ, ಬಿಪಿ ಏರುತ್ತದೆ. ಬಲೂನಿನಿಂದ ಆ ಜಾಗ ಹಿಗ್ಗಿಸಿದರೆ ಎಷ್ಟೋ ಜನರಿಗೆ ಬಿಪಿ ಇಳಿಯುತ್ತದೆ.

ಕಿಡ್ನಿಯೇ ಕೆಟ್ಟಿದ್ದರೂ ಬಿಪಿ ಏರುತ್ತದೆ. ಅದಕ್ಕೇ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸು. ಥೈರಾಯ್ಡ್ ಕೂಡ. ಆಗಾಗ ತಲೆನೋವು, ಬೆವರು, ಎದೆ ಢವಢವ ಮೂರೂ ಒಟ್ಟಿಗೆ ಬಂದು ಹೋಗುತ್ತವಾ? ಅದು ಅಡ್ರಿನಲಿನ ಇನ್ನೊಂದು ಥರದ ಗಂಟು ಇರಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ. ಕೈಯಲ್ಲಿ ಜಾಸ್ತಿ, ಕಾಲಲ್ಲಿ ಕಮ್ಮಿ ಬಿಪಿ ಬಂದರೆ ಹುಟ್ಟಿನಿಂದಲೇ ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಒಂದು ಕಡೆ ಕಿರಿದಾಗಿರಬಹುದು. ಹಾಗಾಗಿ ಕಾಲಿನ ಬಿಪಿಯನ್ನೂ ನೋಡಿ ಅಂತ ಕೇಳು, ಸಂಕೋಚ ಬೇಡ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನಿಂದ ಶುರುವಾಗುತ್ತಾ ಅಂತ ನಿನ್ನ ಗಂಡನನ್ನು ಕೇಳು, ನಿನಗೆ ಅದು ಗೊತ್ತಾಗುವುದಿಲ್ಲ. ಹಾಗಿದ್ದರೆ ರಾತ್ರಿ ಹಾಕಿಕೊಳ್ಳುವ ಮಾಸ್ಕಿನ ಮಷಿನ್ ಇದೆ.

ನುಂಗುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ತಲೆನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೆನ್, ಗರ್ಭ ನಿಲ್ಲದಂತೆ ತೆಗೆದುಕೊಳ್ಳುವ ಮಾತ್ರೆ, ಮೂಗು ಕಟ್ಟಿದಾಗ ಹಾಕುವ ಔಷಧ, ಸ್ಟಿರಾಯ್ಡ್, ಇವೆಲ್ಲ ಬಿಪಿ ಏರಿಸಬಹುದು. ನಾಚಿಕೆಯಿಂದ ಒಂದನ್ನೂ ಬಿಡಬೇಡ.

ಬಿಪಿ 180/120 ದಾಟಿ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜು, ಮಾತು ತೊದಲುವುದು ಏನಾದರೂ ಆದರೆ ಬೆಳಗಾಗಲಿ ಅಂತ ಕಾಯಬೇಡ. ಆಗಲೇ ಆಸ್ಪತ್ರೆಗೆ ಹೋಗು.

ರಿಪೋರ್ಟು ಬಂದ ತಕ್ಷಣ ಫೋಟೋ ತೆಗೆದು ನನಗೆ ಕಳಿಸು. ಪೊಟ್ಯಾಷಿಯಂ ಸಾಲು ಸರಿಯಾಗಿ ಕಾಣುವ ಹಾಗೆ ತೆಗಿ.

ನಿನ್ನ
ದೊಡ್ಡಮ್ಮ