ಪುಟ್ಟಿಗೆ, ಫ್ಲೈಟ್ ಹತ್ತೋಕೆ ಮುಂಚೆ

ಪುಟ್ಟಿ,

ಎದುರಿಗೆ ಹೇಳಿದ್ರೆ "ಆಯ್ತಮ್ಮಾ, ಗೊತ್ತಮ್ಮಾ" ಅಂತ ಎದ್ದು ಹೋಗ್ತೀಯ, ಅದಕ್ಕೇ ಬರೀತಿದೀನಿ, ಏರ್‌ಪೋರ್ಟಲ್ಲಿ ಕೂತಾಗ ಓದ್ಕೋ.

ಫ್ರಾಂಕ್‌ಫರ್ಟ್‌ಗೆ 9 ಗಂಟೆ ಮೇಲಾಗತ್ತೆ, ಅಲ್ಲಿಂದ ಚಿಕಾಗೋಗೂ ಹೆಚ್ಚುಕಮ್ಮಿ ಅಷ್ಟೇ. ಟೈಟ್ ಜೀನ್ಸ್ ಬೇಡ. ವಿಮಾನ ಮೇಲಕ್ಕೆ ಹೋದ್ಮೇಲೆ ಒಳಗಿನ ಗಾಳಿ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರೋಷ್ಟಕ್ಕೆ ಇಳಿಯತ್ತೆ, ಅಂದ್ರೆ ಮುಳ್ಳಯ್ಯನಗಿರಿ ತುದೀಲಿ ಕೂತಂಗೆ, ಹೊಟ್ಟೇಲಿರೋ ಗ್ಯಾಸ್ ಹಿಗ್ಗಿ ಉಬ್ಬರ ಬರತ್ತೆ, ಹಾಗಾಗಿ ಹೊರಡೋ ರಾತ್ರಿ ಹುರುಳಿಕಾಳು ಸಾರು ಮಾಡಲ್ಲ, ಮೊಸರನ್ನ ತಿಂದು ಹೊರಡು. ಒಳಗೆ ತೇವಾಂಶ 20%ಗಿಂತ ಕಮ್ಮಿ, ಮೂಗು ತುಟಿ ಎಲ್ಲಾ ಒಣಗತ್ತೆ. ಖಾಲಿ ಬಾಟಲ್ ಇಟ್ಕೊಂಡು ಸೆಕ್ಯೂರಿಟಿ ಚೆಕ್ ಆದ್ಮೇಲೆ ನೀರು ತುಂಬಿಸ್ಕೋ, ಆಗಾಗ ಗುಟುಕರಿಸ್ತಿರು.

ಕಾಲಿನ ವಿಷ್ಯ ಮಾತ್ರ ಮರೀಬೇಡ. ಅಕ್ಕನ ಬಾಣಂತನಕ್ಕೆ ಹೋದಾಗ ಇಳಿಯೋ ಹೊತ್ತಿಗೆ ನನ್ನ ಪಾದ ಊದ್ಕೊಂಡು ಚಪ್ಪಲಿ ಪಟ್ಟಿ ಒಳಗೇ ಹೋಗ್ಲಿಲ್ಲ. ತುಂಬಾ ಹೊತ್ತು ಅಲುಗಾಡದೆ ಕೂತ್ರೆ ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋದೂ ಉಂಟು. ಓಡಾಡೋ ಜಾಗದ ಪಕ್ಕದ ಸೀಟೇ ಕೇಳು, ಆಗಾಗ ಎದ್ದು ನಡಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸು, ಪಾದ ತಿರುಗಿಸು.

ಇನ್ನು ನಿದ್ದೆ. ಅಲ್ಲಿ ಬೇಸಿಗೆ ಟೈಮ್ ನಡೀವಾಗ ಚಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಅಲ್ಲಿ ಮಧ್ಯಾಹ್ನ 2 ಗಂಟೆಗೆ ನೀನು ಇಳಿದ್ರೆ ನಿನ್ನ ಮೈಗೆ ರಾತ್ರಿ 12.30. ಕಣ್ಣು ಎಳೆಯತ್ತೆ, ಆದ್ರೂ ರೂಮಿಗೆ ಹೋಗಿ ಬಿದ್ಕೋಬೇಡ, ಸಂಜೆವರೆಗೂ ಹೊರಗೆ ಬೆಳಕಲ್ಲಿ ಓಡಾಡು, ಮೈಯ ಗಡಿಯಾರ ತಿರುಗೋದು ಮುಖ್ಯವಾಗಿ ಬೆಳಕಿಂದಾನೇ. ಒಂಬತ್ತಕ್ಕೆ ಮಲಗು. ಕಾಫಿ ಮಧ್ಯಾಹ್ನದ ಮೇಲೆ ಬೇಡ.

ಅಷ್ಟಾದ್ರೂ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗಬಹುದು, ಹಸಿವೂ ಆಗಬಹುದು. ಇಲ್ಲಿ ಆಗ 1.30, ನಮ್ಮ ಊಟದ ಹೊತ್ತು, ನಿನ್ನ ಹೊಟ್ಟೆ ಇನ್ನೂ ಇಲ್ಲೇ ಇರತ್ತೆ. ಆ ಹೊತ್ತಲ್ಲಿ ಯಾಕಾದ್ರೂ ಬಂದ್ನೋ ಅನ್ಸತ್ತೆ, ಅಳು ಬರತ್ತೆ. ಅದು ನಿದ್ದೆಗೆಟ್ಟ ಮನಸ್ಸು ಕಣೇ, ಆಗ ಏನೂ ತೀರ್ಮಾನ ಮಾಡ್ಬೇಡ. ದಿನಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಮೈ ಹೊಂದ್ಕೊಳ್ಳತ್ತೆ ಅಂತಾರೆ, ಹತ್ತು ದಿನ ಟೈಮ್ ಕೊಡು. ಹ್ಯಾಂಡ್‌ಬ್ಯಾಗಲ್ಲಿ ಕೋಡುಬಳೆ ಇಟ್ಟಿದೀನಿ, ತಿಂದು ನಂಗೆ ಫೋನ್ ಮಾಡು, ನಾನು ಎದ್ದೇ ಇರ್ತೀನಿ.

ನಿನ್ನ ಅಮ್ಮ