ಸೂಜಿ ಕೈಗಿಟ್ಟ ಅವ್ವನಿಗೆ

ಅವ್ವಾ, ಧಾರವಾಡದ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಅಷ್ಟು ದಿನ ಪಕ್ಕದಲ್ಲಿ ಕುಳಿತರೂ ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ.

ಆಗ ನಾನು ಕಾಲೇಜಿನ 400 ಮೀಟರ್ ಹರ್ಡಲ್ಸ್ ಓಟಗಾರ. ಮೊಣಕಾಲು ಕೈಕೊಟ್ಟಿತ್ತು. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ. ನೀವು ಕಪ್ಪು ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಿರಿ. "ತಮ್ಮಾ, ಕಣ್ಣು ಮಂಜಾಗ್ಯಾವ, ಸೂಜಿಗೆ ದಾರ ಪೋಣಿಸಿ ಕೊಡು" ಅಂದಿರಿ. ಅಷ್ಟಕ್ಕೇ ಬಿಡಲಿಲ್ಲ, ಗವಂತಿ ಹೊಲಿಗೆಯನ್ನೂ ಕಲಿಸಿದಿರಿ. ಬಟ್ಟೆಯ ಎಳೆ ಎಣಿಸಬೇಕು. ಗಂಟು ಹಾಕಬಾರದು. ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು, ಎರಡೂ ಬದಿ ಒಂದೇ ಥರ ಕಾಣಬೇಕು. ಹತ್ತು ಹರ್ಡಲ್‌ಗಳ ನಡುವೆ ಹೆಜ್ಜೆ ಎಣಿಸಿ ಓಡಿದವನಿಗೆ ಎಳೆ ಎಣಿಸೋದು ಬೇಗ ಹಿಡಿಸಿತು. ಗೆಳೆಯರು ನಕ್ಕರು, ಅದು ಬಿಡಿ.

ಈಗ ಕಸೂತಿಯೇ ನನ್ನ ಕೆಲಸ. ಗೋಪುರ, ತೇರು, ಅಂಬಾರಿ ಆನೆ ಎಲ್ಲಾ ಬರುತ್ತವೆ. ಮುರ್ಗಿ ಅನ್ನೋ ಅಂಕುಡೊಂಕು ಹೊಲಿಗೆಯ ಮೆಟ್ಟಿಲು ಮಾತ್ರ ಇನ್ನೂ ಆಗಾಗ ತಪ್ಪುತ್ತದೆ. ಬಿಚ್ಚಿ ಮತ್ತೆ ಹಾಕುತ್ತೇನೆ.

ತುಂಬಾ ಧನ್ಯವಾದ ಅವ್ವಾ. ನಿಮಗೆಂದೇ ಒಂದು ಸೆರಗು ಮಾಡಿಟ್ಟಿದ್ದೇನೆ. ಅಂದಹಾಗೆ, ನಿಮ್ಮ ಸೂಜಿ ನನ್ನ ಹತ್ತಿರವೇ ಉಳಿದಿದೆ.