ಅಳಿಯನಿಗೆ, ಚೆಂಡು ಕೈಗೆ ಬರುವ ಮುನ್ನ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಆಗಿ ಸೇರುತ್ತಿದ್ದೀಯ ಅಂತ ಅಕ್ಕ ಹೇಳಿದಳು. ಬಹಳ ಸಂತೋಷ. ಅವಳೂ ಇದನ್ನು ಓದುತ್ತಾಳೆ, ಅದಕ್ಕೇ ನಿನಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡ.

ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪರ 11 ಪಂದ್ಯಗಳಲ್ಲಿ 2,628 ಗಜ ಓಡಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದದ್ದು ನಿನಗೆ ಬಾಯಿಪಾಠ. ಅದಕ್ಕೆ ಮುಂಚಿನ ಎರಡು ವರ್ಷ ಅವನು ಥರ್ಮನ್ ಥಾಮಸ್‌ನ ಬದಲಿ ಆಟಗಾರ. ಕಿಕ್‌ಆಫ್‌ನಲ್ಲಿ ಎದುರಾಳಿ ಒದ್ದ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸ. ನಿನಗೂ ಮೊದಲ ವರ್ಷ ಸಿಗುವುದು ಅಂಥದ್ದೇ. ಮೂಗು ಮುರಿಯಬೇಡ.

ಚೆನ್ನಾಗಿ ಓಡುವವರು ಆ ತಂಡದಲ್ಲಿ ನಾಲ್ಕೈದು ಜನ ಇದ್ದೇ ಇರುತ್ತಾರೆ. ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯಲು ನಿಂತಾಗ ಅವನನ್ನು ಕಾಯುವವರು ಕಡಿಮೆ, ಕೋಚ್ ಹುಡುಕುವುದು ಹಾಗೆ ಕಾಯುವವರನ್ನೇ. ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವುದಕ್ಕೆ) ಮುಂಚೆ ಕಣ್ಣು ಎದುರಾಳಿಗಳ ಮೇಲೆ ಒಳಗಿನಿಂದ ಹೊರಕ್ಕೆ ಓಡಲಿ. ಇಬ್ಬರು ಬ್ಲಿಟ್ಜ್ ಬಂದರೆ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ, ಒಳಗಿನವನನ್ನು ತಡೆ, ಅವನಿಗೆ ದಾರಿ ಹತ್ತಿರ. ಮಂಡಿ ಬಗ್ಗಿರಲಿ, ತಲೆ ಎತ್ತಿರಲಿ, ಎರಡೂ ಕೈ ಅವನ ಎದೆಗೆ. ತಲೆ ತಗ್ಗಿಸಿ ಹಾರಿದರೆ ಅವನು ಪಕ್ಕಕ್ಕೆ ಸರಿದು ಕ್ವಾರ್ಟರ್‌ಬ್ಯಾಕನ್ನು ಕೆಡವುತ್ತಾನೆ. ನಿನ್ನ ಕುತ್ತಿಗೆಗೂ ಕುತ್ತು.

ಇನ್ನು ಹ್ಯಾಂಡ್‌ಆಫ್, ಅಂದರೆ ಕ್ವಾರ್ಟರ್‌ಬ್ಯಾಕ್ ನಿನ್ನ ಕೈಗೆ ಚೆಂಡು ಇಡುವುದು. ಚೆಂಡು ಬರುವ ಕಡೆಯ ಮೊಣಕೈ ಎತ್ತಿರಲಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಅಂಗೈ ಮೇಲಾಗಿ. ಮೊಣಕೈ ಇಳಿದಿದ್ದರೆ ಚೆಂಡು ಅದಕ್ಕೇ ಬಡಿದು ಉರುಳುತ್ತದೆ. ಕಣ್ಣಿನಿಂದ ಚೆಂಡನ್ನು ಹುಡುಕಬೇಡ. ಇಡುವುದು ಕ್ವಾರ್ಟರ್‌ಬ್ಯಾಕ್ ಕೆಲಸ, ನಿನ್ನ ನೋಟ ಮುಂದಿನ ಸಾಲಿನ ಮೇಲಿರಲಿ. ಆಮೇಲೆ ಬೆರಳು ಚೆಂಡಿನ ಮೂತಿಯ ಮೇಲೆ, ಉಳಿದ ಭಾಗ ಮುಂಗೈ, ತೋಳು, ಪಕ್ಕೆಲುಬಿನ ನಡುವೆ ಒತ್ತಿ. ಬಯಲಿಗೆ ಬಂದಮೇಲೆ ಸೈಡ್‌ಲೈನ್ ಕಡೆಯ ಕೈಗೆ ಬದಲಿಸು; ಗುಂಪಿನ ನಡುವೆ ಕೈ ಬದಲಿಸುವುದು ಬೇಡವೇ ಬೇಡ, ಎರಡನೇ ಕೈಯನ್ನೂ ಮೇಲೆ ಮುಚ್ಚು. ಮೊದಲನೆಯವನು ಹಿಡಿದ ಮೇಲೂ ಇನ್ನೊಂದು ಗಜಕ್ಕೆ ಗುದ್ದಾಡುತ್ತಿದ್ದರೆ ಎರಡನೆಯವನು ಬಂದು ಗುದ್ದುವುದು ಚೆಂಡಿಗೇ. ಫಂಬಲ್ ಮಾಡುವವನು, ಅಂದರೆ ಚೆಂಡು ಬೀಳಿಸುವವನು, ಎಷ್ಟು ವೇಗಿಯಾದರೂ ಬೆಂಚಿಗೇ.

ಔಟ್‌ಸೈಡ್ ಝೋನ್ ಎಂಬ, ಅಂಚಿನ ಕಡೆ ಓಡುವ ಆಟದಲ್ಲಿ ಹೊಸಬರು ಬೇಗ ತಿರುಗಿಬಿಡುತ್ತಾರೆ. ಕಬಡ್ಡಿ ರೈಡರ್ ಒಂದು ಮೂಲೆಗೆ ಎಳೆದು ಇನ್ನೊಂದು ಕಡೆ ಮುಟ್ಟುವ ಹಾಗೆ, ಎದುರಾಳಿ ರಕ್ಷಣೆಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ ಅಂಚಿನ ಕಡೆ ವಾಲುವವರೆಗೂ ಎಳೆದುಕೊಂಡು ಹೋಗಿ ಒಂದೇ ಹೆಜ್ಜೆಯಲ್ಲಿ ದಿಕ್ಕು ತಿರುಗಿಸಿ ಕಟ್ ಮಾಡು. ಮೂರು ಸಲ ಕುಣಿದರೆ ಹಿಂದಿನಿಂದ ಬರುವವನಿಗೆ ಸಿಗುತ್ತೀಯ. ಸ್ಯಾಂಡರ್ಸ್ ಕುಣಿಯುತ್ತಿದ್ದ, ನಿಜ. ನೀನು ಬೇಡ.

ಮಂಡಿಯ ಮಾತು ಹೇಳದಿದ್ದರೆ ಅಕ್ಕ ಬಿಡುವುದಿಲ್ಲ. ಸೌತ್ ಕ್ಯಾರೊಲಿನಾದ ಮಾರ್ಕಸ್ ಲ್ಯಾಟಿಮೋರ್ 2010ರಲ್ಲಿ ಮೊದಲ ವರ್ಷವೇ 1,197 ಗಜ ಓಡಿದ. 2011ರಲ್ಲಿ ಒಂದು ಮಂಡಿ ಹೋಯಿತು, 2012ರಲ್ಲಿ ಇನ್ನೊಂದು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡವೊಂದು 2013ರಲ್ಲಿ ಆರಿಸಿಕೊಂಡರೂ ಒಂದು ಪಂದ್ಯವನ್ನೂ ಆಡದೆ 2014ರಲ್ಲಿ ನಿವೃತ್ತನಾದ. ಅವನದೇನೂ ತಪ್ಪಿರಲಿಲ್ಲ. ಎನ್‌ಎಫ್‌ಎಲ್‌ಗೆ ಸೇರಲು ಹೈಸ್ಕೂಲ್ ಮುಗಿದು ಮೂರು ವರ್ಷ ಆಗಲೇಬೇಕು. ಆ ಮೂರು ವರ್ಷದಲ್ಲಿ ಡಿಗ್ರಿಯ ಕ್ರೆಡಿಟ್‌ಗಳನ್ನು ಹಿಂದೆ ಬೀಳಿಸಬೇಡ. ಗಾಯವಾದರೆ ಕಾಲೇಜು ಬಿಟ್ಟಮೇಲೂ ಚಿಕಿತ್ಸೆಯ ಖರ್ಚು ಯಾರದು, ಎಷ್ಟು ದಿನ ಅಂತ ಈಗಲೇ ಬರಹದಲ್ಲಿ ಕೇಳಿ ಇಟ್ಟುಕೋ. ತಲೆಗೆ ಪೆಟ್ಟು ಬಿದ್ದು ಮಂಜು ಕವಿದ ಹಾಗಾದರೆ ಆ ಕ್ಷಣವೇ ಗಾಯ ನೋಡಿಕೊಳ್ಳುವ ಟ್ರೈನರ್‌ಗೆ ಹೇಳು.

2021ರಿಂದ ನಿಮ್ಮಂಥ ಕಾಲೇಜು ಆಟಗಾರರಿಗೆ ಹೆಸರಿನ ಮೇಲೆ ಜಾಹೀರಾತಿನ ದುಡ್ಡು ಮಾಡಲು ಬಿಟ್ಟಿದ್ದಾರಲ್ಲ, ಹೆಚ್ಚು ಕೊಡುವವರ ಹಿಂದೆ ವರ್ಷಕ್ಕೊಂದು ಕಾಲೇಜು ಬದಲಿಸುವವರೂ ಇದ್ದಾರೆ. ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿ ಬಾಯ್ಸಿ ಸ್ಟೇಟ್‌ನಲ್ಲೇ ಉಳಿದು 2024ರಲ್ಲಿ 2,601 ಗಜ ಓಡಿದ, 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) 6ನೆಯವನಾಗಿ ಆಯ್ಕೆಯಾದ. ಪರಿಚಿತ ಲೈನ್ (ಮುಂದೆ ನಿಂತು ದಾರಿ ಮಾಡಿಕೊಡುವವರು), ಪರಿಚಿತ ಆಟದ ಪುಸ್ತಕ ಇದ್ದದ್ದು ಅವನಿಗೆ ಅನುಕೂಲವಾಯಿತು ಅಂತ ನನ್ನ ಲೆಕ್ಕ. ಜಾಹೀರಾತಿನ ಹಣ ಸಾಮಾನ್ಯವಾಗಿ ತೆರಿಗೆ ಹಿಡಿಯದೆ ಕೈಗೆ ಬರುತ್ತದೆ. ಮೂರರಲ್ಲಿ ಒಂದು ಪಾಲು ಬೇರೆ ಖಾತೆಯಲ್ಲಿಡು. ಅವಧಿ ಎಷ್ಟು, ಗಾಯವಾದರೆ ಏನು, ಕಾಲೇಜು ಬದಲಿಸಿದರೆ ಹಣ ವಾಪಸ್ ಕೊಡಬೇಕೆ, ಈ ಮೂರು ಸ್ಪಷ್ಟವಿಲ್ಲದ ಕರಾರಿಗೆ ಸಹಿ ಹಾಕಬೇಡ. ವಕೀಲರಿಗೆ ತೋರಿಸು, ಒಂದು ಪ್ರತಿ ನನಗೂ ಕಳಿಸು.

ಇಂತಿ ನಿನ್ನ
ಮಾವ